ಐವತ್ತೈದು ಕಿಲೋ ಆಗುವವರೆಗೆ

ಗಂಗಾಂಬಿಕೆಯ ಮೈಮೇಲೆ ಒಂದು ಗೀರೂ ಬಿದ್ದಿಲ್ಲ ಎಂಬ ಸುದ್ದಿ ಚಾಮರಾಜನಗರದ ಆ ಬೀದಿಯಲ್ಲಿ ಹಬ್ಬಿದ್ದು, ಅವಳ ಗಂಡನ ಪಕ್ಕೆಲುಬು ಮೂರು ಮುರಿದಿವೆ ಎಂಬ ಸುದ್ದಿಗಿಂತ ಬೇಗ. ಮರಕ್ಕೆ ಗುದ್ದಿದ ಮೇಲೆ ಮೂಳೆ ಮುರಿಯುವುದು ಲೋಕರೂಢಿ. ಮುರಿಯದೆ ಎದ್ದು ಬಂದವರ ಸುದ್ದಿಯನ್ನೇ ಜನ ಎರಡು ಸಲ ಕೇಳುವುದು.

ನಡೆದದ್ದು ಇಷ್ಟು. ಡಿಸೆಂಬರಿನ ಮೊದಲ ಸೋಮವಾರ ಗಂಡಹೆಂಡಿರಿಬ್ಬರೂ ಗುಂಡ್ಲುಪೇಟೆಯಲ್ಲಿ ಅವಳ ತಮ್ಮನ ಮನೆಯ ಗೃಹಪ್ರವೇಶದ ಊಟ ಮುಗಿಸಿಕೊಂಡು ತಮ್ಮ ಹಳೆಯ ಕಾರಿನಲ್ಲಿ ಹಿಂತಿರುಗುತ್ತಿದ್ದರು. ತೆರಕಣಾಂಬಿ ದಾಟಿ ಒಂದಷ್ಟು ದೂರ ಬಂದಿರಬೇಕು, ಮೇಕೆಯ ಮಂದೆಯೊಂದು ದಡಬಡನೆ ರಸ್ತೆಗೆ ಇಳಿಯಿತು. ನೀಲಕಂಠಸ್ವಾಮಿ ಸ್ಟೇರಿಂಗ್ ತಿರುಗಿಸಿದರು. ಮೇಕೆಗಳೆಲ್ಲ ಉಳಿದವು, ಕಾರು ಮಾತ್ರ ಹುಣಸೆಮರಕ್ಕೆ ಹೋಗಿ ಮೂತಿ ಕೊಟ್ಟಿತು. ಗಾಳಿಚೀಲ ಗೀಳಿಚೀಲ ಇಲ್ಲದ ಕಾಲದ ಕಾರು ಅದು. ಇದ್ದದ್ದು ಬೆಲ್ಟು ಮಾತ್ರ, ಅದನ್ನು ಇಬ್ಬರೂ ಹಾಕಿಕೊಂಡಿದ್ದರು.

ಜನ ಓಡಿಬಂದು ಬಾಗಿಲು ಕಿತ್ತಾಗ ನೀಲಕಂಠಸ್ವಾಮಿ ಬಲಪಕ್ಕೆ ಹಿಡಿದುಕೊಂಡು ಉಸಿರಿಗೆ ತಡಕಾಡುತ್ತಿದ್ದರು. ಗಂಗಾಂಬಿಕೆ ತಾನಾಗಿಯೇ ಇಳಿದಳು. ಮೊದಲು ಗಂಡನ ಮುಖ ನೋಡಿದಳು, ಆಮೇಲೆ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಎಲೆಅಡಿಕೆ ಸಂಚಿಯನ್ನು ಮುಟ್ಟಿ ನೋಡಿಕೊಂಡಳು. ತಮ್ಮನ ಹೆಂಡತಿ ಕೊಟ್ಟಿದ್ದ ಎಳೆಯ ವೀಳ್ಯದೆಲೆ ಅದರೊಳಗೆ ಒಂದೂ ಮುದುಡದೆ ಇತ್ತು.

"ನೋಡಮ್ಮ, ಎಲೆ ಸತಾ ಮುರಿದಿಲ್ಲ," ಎಂದು ಮುಂದಿನ ಒಂದು ತಿಂಗಳು ಅವಳು ಬಂದವರಿಗೆಲ್ಲ ಹೇಳಿದಳು.

ಈ ಗಂಡಹೆಂಡಿರ ಮೈಕಟ್ಟನ್ನು ಇಲ್ಲಿ ಹೇಳದಿದ್ದರೆ ಕತೆ ಮುಂದಕ್ಕೆ ಹೋಗುವುದಿಲ್ಲ. ನೀಲಕಂಠಸ್ವಾಮಿಗೆ ಅರವತ್ತೆರಡು, ಒಣಗಿದ ಹಂಬಿನಂಥ ಮನುಷ್ಯ. ಮೂರು ತಲೆಮಾರಿನಿಂದ ಅರಿಶಿನದ ವ್ಯಾಪಾರ, ಮನೆಯ ಮುಂಭಾಗವೇ ಅಂಗಡಿ. ಗಂಗಾಂಬಿಕೆಗೆ ಐವತ್ತೇಳು. ಅವಳ ತೂಕ ಎಷ್ಟೆಂದು ಯಾರಿಗೂ ಗೊತ್ತಿರಲಿಲ್ಲ. ಮನೆಯ ಪಡಸಾಲೆಯಲ್ಲೇ ಮೂಟೆ ತೂಗುವ ಯಂತ್ರ ಇದ್ದರೂ ಮದುವೆಯಾಗಿ ಬಂದಂದಿನಿಂದ ಅವಳು ಅದನ್ನು ಸುತ್ತುಹಾಕಿಕೊಂಡು ಹೋಗಿದ್ದಳೇ ಹೊರತು ಹತ್ತಿರಲಿಲ್ಲ. ಮದುವೆಯ ವರ್ಷ ಗಂಡನ ಕಡೆಯ ಯಾರೋ ಒಬ್ಬರು ನೀಲಕಂಠ ಗುಂಡ್ಲುಪೇಟೆಯಿಂದ ಒಂದು ಮೂಟೆ ತಂದ ಎಂದಿದ್ದರು. ಅಂದವರು ಸತ್ತು ಇಪ್ಪತ್ತು ವರ್ಷವಾಯಿತು, ಮಾತು ಮಾತ್ರ ಅವಳ ಎದೆಯಲ್ಲಿ ಇನ್ನೂ ಬದುಕಿತ್ತು.

ಹಾಗಾಗಿ ಗಂಡನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದ ದಿನ ಪಕ್ಕದ ಮನೆಯ ಯಶೋದಮ್ಮ ಜಗಲಿಯ ಮೇಲೆ ಕೂತು ಆಡಿದ ಮಾತು ಅವಳಿಗೆ ಹಾಲು ಕುಡಿದಷ್ಟು ಹಿತವಾಯಿತು.

"ಮೈ ತುಂಬ್ಕಂಡಿದ್ದುದ್ಕೆ ನೀನು ಉಳ್ಕಂಡೆ ಕಣ್ ಗಂಗಮ್ಮ. ಹಾಸಿಗೆ ಸುತ್ತಿದಂಗೆ ಅದು. ಪಾಪ, ಸ್ವಾಮಣ್ಣಂಗೆ ಮೂಳೆ ಮ್ಯಾಲೆ ಚರ್ಮ ಬುಟ್ರೆ ಏನದೆ?"

ಮೂವತ್ತೈದು ವರ್ಷದಲ್ಲಿ ಮೊದಲ ಸಲ ಅವಳ ಮೈಯನ್ನು ಒಬ್ಬರು ಹೊಗಳಿದ್ದರು. ಅವಳು ಸೆರಗು ಸರಿಮಾಡಿಕೊಂಡು, ಹೂಂ ಕಣಮ್ಮ, ಒಂದು ಗೀರೂ ಇಲ್ಲ ಎಂದಳು. ಒಳಗೆ ಒಂದು ನೋವು ಇತ್ತು, ಅದನ್ನು ಅವಳು ಸೆರಗಿನೊಳಗೇ ಇಟ್ಟುಕೊಂಡಳು.

ಅಂದೇ ಅವಳು ಒಂದು ತೀರ್ಮಾನಕ್ಕೆ ಬಂದಳು. ಸಂಕ್ರಾಂತಿ ಕಳೆದರೆ ಅರಿಶಿನ ಕೀಳುವ ಕಾಲ, ಗಂಡ ಮನೆಯಲ್ಲಿ ಕೂರುವ ಆಸಾಮಿಯಲ್ಲ. ಗುಂಡ್ಲುಪೇಟೆ ಕಡೆಯ ಹಳ್ಳಿಗಳಿಗೆ ರಾಶಿ ನೋಡಲು ಹೊರಟೇ ಹೊರಡುತ್ತಾರೆ, ಅದೇ ರಸ್ತೆ, ಅದೇ ಹುಣಸೆಮರ, ಮೇಕೆಗಳಿಗಂತೂ ಬರವಿಲ್ಲ. ಅವಳಿಗೆ ಬೇಕಾಗಿದ್ದುದು ಒಂದೇ: ಮುಂದಿನ ಸಲ ಏನು ಗುದ್ದಿದರೂ ಈ ಮನುಷ್ಯ ಉಳಿಯಬೇಕು. ಮಾಂಸ ಕಾಪಾಡುವುದಾದರೆ ಮಾಂಸ ಬೆಳೆಸುವುದು ತನ್ನ ಕೈಯಲ್ಲೇ ಇದೆಯಲ್ಲ ಎಂದುಕೊಂಡಳು.

ಅಂಗಡಿಯಲ್ಲಿ ಮೂಟೆ ಎತ್ತುವ ಮೂಗಯ್ಯನನ್ನು ಕರೆದು ಯಜಮಾನರನ್ನು ಯಂತ್ರದ ಮೇಲೆ ನಿಲ್ಲಿಸು ಎಂದಳು. ಮೂವತ್ತು ವರ್ಷದಿಂದ ಆ ಮನೆಯ ಮೂಟೆ ಹೊತ್ತ ಮೂಗಯ್ಯ ಕನ್ನಡಕ ಏರಿಸಿಕೊಂಡು ಅಂಕಿ ಓದಿದ. ನಲವತ್ತಾರು. ಒಂದು ಮೂಟೆಗಿಂತ ಕಡಿಮೆ.

"ಐವತ್ತೈದು ಕಿಲೋ ಆಗೋಗಂಟ ನೀವು ಸ್ಟೇರಿಂಗ್ ಮುಟ್ಟಂಗಿಲ್ಲ," ಎಂದಳು ಗಂಗಾಂಬಿಕೆ.

"ಈ ವಯಸ್ಸಲ್ಲಿ ನನ್ನ ಕೊಬ್ಬುಸಿ ಯಾವ ಸಂತೆಗೆ ಹೊಡ್ಕೊಂಡು ಓಯ್ತೀಯೆ?"

"ಯಾವ ಸಂತೆಗೂ ಇಲ್ಲ. ಮನೇಲೇ ಕಟ್ಕಂತೀನಿ."

ಅಲ್ಲಿಂದ ಆ ಮನೆಯ ಅಡುಗೆಮನೆ ಮದುವೆ ಮನೆಯಾಯಿತು. ಬೆಳಿಗ್ಗೆ ರಾಗಿರೊಟ್ಟಿಗೆ ಬೆಣ್ಣೆ, ಹತ್ತು ಗಂಟೆಗೆ ಬಾಳೆಹಣ್ಣಿನ ಜೊತೆ ಹಾಲು, ಮಧ್ಯಾಹ್ನ ಹಿತಕಿದ ಅವರೆಬೇಳೆ ಸಾರಿನ ಮೇಲೆ ತೇಲುವಷ್ಟು ತುಪ್ಪ, ಸಂಜೆಗೆ ಕಜ್ಜಾಯ. ನೀಲಕಂಠಸ್ವಾಮಿ ಜನ್ಮದಲ್ಲಿ ಒಂದೂವರೆ ಮುದ್ದೆಗಿಂತ ಹೆಚ್ಚು ಉಂಡವರಲ್ಲ. ಪಕ್ಕೆ ನೋವಿನಿಂದ ನಗಲಾರರು, ಕೆಮ್ಮಲಾರರು, ಎದ್ದು ಓಡಲಂತೂ ಆಗುವುದೇ ಇಲ್ಲ. ಕೂತಲ್ಲಿಗೇ ತಟ್ಟೆ ಬರುತ್ತಿತ್ತು. ಗಂಡ ಬಿಟ್ಟ ತುಪ್ಪ ಹಾಳಾಗಬಾರದೆಂದು ಅದನ್ನು ಅವಳೇ ಅನ್ನಕ್ಕೆ ಕಲಸಿಕೊಳ್ಳುತ್ತಿದ್ದಳು. ಪ್ರತಿ ಸೋಮವಾರ ಪೂಜೆ ಮುಗಿದ ಮೇಲೆ ತೂಕ.

ಇದಕ್ಕೆಲ್ಲ ಮೊದಲು ಬಾಯಿ ಹಾಕಿದವಳು ಸೊಸೆ ದಾನೇಶ್ವರಿ. ಕುದೇರಿನ ಹುಡುಗಿ, ದೊಡ್ಡಾಸ್ಪತ್ರೆಯ ತುರ್ತು ವಿಭಾಗದಲ್ಲಿ ನರ್ಸು. ಮದುವೆಯಾಗಿ ಮೂರು ವರ್ಷವಾಗಿತ್ತು. ಅತ್ತೆಯ ಎದುರು ಮಾತಾಡುವವಳಲ್ಲ, ಆದರೆ ಕೈಗೆ ಗ್ಲೌಸು ಹಾಕುವ ಕೆಲಸದ ವಿಷಯ ಬಂದರೆ ಸುಮ್ಮನೆ ಇರುವವಳೂ ಅಲ್ಲ. ಅಪಘಾತದ ದಿನವೇ ಅತ್ತೆಯನ್ನು ಪರೀಕ್ಷೆ ಮಾಡಿಸಬೇಕೆಂದು ಹಟ ಹಿಡಿದಿದ್ದಳು. ನನಗೇನಾಗಿದೆ, ನಿಮ್ಮ ಮಾವನ್ನ ನೋಡು ಹೋಗು ಎಂದು ಗಂಗಾಂಬಿಕೆ ಅವಳ ಕೈ ಕೊಡವಿದ್ದಳು.

ಮೂರನೆಯ ವಾರದ ಭಾನುವಾರ ನಾಲ್ವರೂ ಒಟ್ಟಿಗೆ ಉಣ್ಣಲು ಕೂತರು. ಮಗ ಸಾಗರ್ ಬದನಗುಪ್ಪೆಯ ಕಾರ್ಖಾನೆಯಲ್ಲಿ ಸೂಪರ್‌ವೈಸರ್, ಅವನಿಗೆ ರಜೆ. ಗಂಗಾಂಬಿಕೆ ಗಂಡನ ಒಬ್ಬಟ್ಟಿಗೆ ಮೂರನೆಯ ಚಮಚ ತುಪ್ಪ ಬಿಟ್ಟಳು. ದಾನೇಶ್ವರಿ ತಡೆದಳು. ಮಾವ ಸ್ವಲ್ಪ ಮೈಕೈ ತುಂಬಿಕೊಳ್ಳುವುದು ಒಳ್ಳೆಯದೇ, ತೀರ ಸಣಕಲಿದ್ದವರ ಮೂಳೆಯೂ ಬೇಗ ಮುರಿಯುತ್ತದೆ, ಆದರೆ ಕೊಬ್ಬು ಕಾಪಾಡುತ್ತದೆ ಎಂಬುದು ಮಾತ್ರ ಸುಳ್ಳು ಎಂದಳು.

"ಸುಳ್ಳಾದ್ರೆ ನಾನ್ ಹೆಂಗೆ ಕುಂತಿದ್ದೀನಿ ಇಲ್ಲಿ?" ಎಂದು ಗಂಗಾಂಬಿಕೆ ಕೇಳಿದಳು.

"ಅದೇ ನಂಗೂ ತಿಳಿತಿಲ್ಲ ಅತ್ತೆ. ಕಾರು ಗಕ್ಕನೆ ನಿಂತ್ರೂ ನಮ್ಮ ಮೈ ನಿಲ್ಲಲ್ಲ. ಭಾರ ಇದ್ದಷ್ಟೂ ಮುಂದುಕ್ಕೆ ನುಗ್ಗೋ ಜೋರು ಜಾಸ್ತಿ. ಬೆಲ್ಟು ಹೊಟ್ಟೆ ಮೇಲೆ ಕುಂತಿರ್ತದೆ, ಮೆತ್ತಗಿರೋ ಜಾಗ ಅದು, ಹಿಡಿಯಾಕೆ ಮೂಳೆ ಸಿಗಲ್ಲ. ಹೊರಗಡೆ ಏನೂ ಕಾಣಲ್ಲ, ಒಳಗಡೆ ಕರುಳು ಸೀಳಿರ್ತದೆ. ದಪ್ಪ ಇರೋರು ಬಂದ್ರೆ ನಮ್ ಡಾಕ್ಟ್ರು ಇನ್ನೂ ಜಾಸ್ತಿ ಎದುರ್ಕಂತಾರೆ."

ಅವಳು ಹೇಳಿದ್ದು ಕಾಳಜಿಯಿಂದಲೇ. ಆದರೆ ಗಂಗಾಂಬಿಕೆಯ ಕಿವಿಗೆ ಬಿದ್ದದ್ದು ದಪ್ಪ ಇರೋರು ಎಂಬ ಎರಡು ಪದ. ಚಮಚ ತುಪ್ಪದ ಗಿಂಡಿಯೊಳಗೆ ಬಿತ್ತು.

"ಅಂದ್ರೆ ನಾನು ಸಾಯ್ಬೇಕಿತ್ತು ಅನ್ನು."

"ಅಯ್ಯೋ, ಅತ್ತೆ, ನಾನ್ ಹಂಗಂದ್ನಾ?"

"ಇನ್ನೆಂಗಂದೆ? ಈ ಮನೇಗೆ ಬಂದಾಗಿಂದ ಕೇಳ್ತಾ ಇವ್ನಿ ಮೂಟೆ ಮೂಟೆ ಅಂತ. ಈಗ ನೀನೊಬ್ಳು ಓದ್ಕಂಡು ಬಂದು ಹೇಳಬೇಕಾಗಿತ್ತು."

ಸಾಗರ್ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಂತೆ ಕೂತಿದ್ದ. ಅವ್ವ, ಅವಳು ಹೇಳಿದ್ದು ಅದಲ್ಲ ಎಂದರೆ ತಾಯಿಯ ಕಣ್ಣು, ಸುಮ್ಮನೆ ಇರು ದಾನಿ ಎಂದರೆ ಹೆಂಡತಿಯ ಕಣ್ಣು. ಅವನು ಒಬ್ಬಟ್ಟನ್ನು ಹರಿದು ಹರಿದು ಪುಡಿ ಮಾಡಿದ. ಕೊನೆಗೆ ಗಂಗಾಂಬಿಕೆಯೇ ಎದ್ದಳು. ತನ್ನ ಭಾರದಿಂದ ಯಾರಿಗೂ ತೊಂದರೆಯಾಗುವುದು ಬೇಡ, ಇನ್ನು ಮೇಲೆ ಗುಂಡ್ಲುಪೇಟೆಗೆ ಹೋಗುವುದಾದರೆ ಬಸ್ಸಿನಲ್ಲಿ ಹೋಗುತ್ತೇನೆ, ಆ ಕಾರನ್ನು ಹತ್ತುವುದಿಲ್ಲ ಎಂದು ಹೇಳಿ ಕೈ ತೊಳೆಯಲು ಹೋದಳು.

ಆಮೇಲೆ ನಾಲ್ಕು ದಿನ ಅಡುಗೆಮನೆಯಲ್ಲಿ ಪಾತ್ರೆಗಳು ಮಾತ್ರ ಮಾತಾಡಿದವು. ದಾನೇಶ್ವರಿ ಡ್ಯೂಟಿಗೆ ಹೊರಡುವ ಮುಂಚೆ ಸೊಪ್ಪು ಬಿಡಿಸಿ, ಕಾಯಿ ತುರಿದು ಇಡುತ್ತಿದ್ದಳು. ಗಂಗಾಂಬಿಕೆ ಅದನ್ನು ಬಳಸಿ ಸಾರು ಮಾಡಿ ಸೊಸೆಯ ಡಬ್ಬಿಗೆ ತುಂಬುತ್ತಿದ್ದಳು. ಒಬ್ಬರ ಮೇಲೊಬ್ಬರಿಗೆ ಕೋಪವಿತ್ತು, ಆದರೆ ಒಬ್ಬರೂ ಹಸಿದುಕೊಂಡು ಇರಲಿಲ್ಲ. ಆ ಮನೆಯ ಜಗಳಗಳು ಹಾಗೆಯೇ, ಹೊಟ್ಟೆಯವರೆಗೆ ಇಳಿಯುತ್ತಿರಲಿಲ್ಲ.

ನಾಲ್ಕನೆಯ ವಾರ ಹಳೆಯ ದಾಸ್ತಾನಿನ ಅರಿಶಿನ ಲಾರಿಗೆ ಏರುತ್ತಿತ್ತು. ಗಂಗಾಂಬಿಕೆ ಟೀ ತಂದುಕೊಟ್ಟು ಬಾಗಿಲಿಗೆ ಒರಗಿ ನಿಂತಳು. ನಿಂತರೆ ಸೊಂಟದ ಎರಡೂ ಕಡೆ ಚುಳ್ಳೆನ್ನುತ್ತಿತ್ತು, ಒರಗಿದರೆ ವಾಸಿ. ಮೂಗಯ್ಯ ಲಾರಿಯ ಮೇಲಿದ್ದವನಿಗೆ ಹಗ್ಗ ಹಾಕುವುದನ್ನು ಹೇಳಿಕೊಡುತ್ತಿದ್ದ.

"ಹೊಟ್ಟೆ ಮ್ಯಾಲೆ ಎಳೀಬ್ಯಾಡ ಕಣ್ಲಾ. ಬ್ರೇಕ್ ಹಾಕುದ್ರೆ ತುಂಬಿದ ಮೂಟೆನೇ ಮೊದ್ಲು ಮುಂದುಕ್ಕೆ ಬರದು, ಹಗ್ಗ ಕಚ್ಕಂಡು ಚೀಲ ಸೀಳೋಯ್ತದೆ. ಕೆಳಗೆ ತಳದಲ್ಲಿ ಗಟ್ಟಿ ಅದಲ್ಲ, ಅಲ್ಲಿ ಹಾಕು."

ಗಂಗಾಂಬಿಕೆ ಆ ಮಾತಿಗೆ ಕಿವಿಗೊಟ್ಟಳು. ಸೊಸೆ ಓದಿ ಹೇಳಿದ್ದನ್ನೇ ಮೂಗಯ್ಯ ಓದದೆ ಹೇಳುತ್ತಿದ್ದ. ಆಸ್ಪತ್ರೆಯವರ ಮಾತನ್ನು ತಳ್ಳಿಹಾಕಬಹುದು, ಮೂಟೆಯ ವಿಷಯದಲ್ಲಿ ಮೂಗಯ್ಯನ ಮಾತನ್ನು ತಳ್ಳಿಹಾಕಿದವರು ಆ ಬೀದಿಯಲ್ಲಿ ಇರಲಿಲ್ಲ. ಹಾಗಾದರೆ ತಾನು ಹೇಗೆ ಉಳಿದೆ? ಅವಳಿಗೆ ಮೊದಲ ಸಲ ಹೆದರಿಕೆಯಾಯಿತು. ಆದರೆ ಆ ಹೆದರಿಕೆಯನ್ನು ಬಾಯಿಬಿಟ್ಟು ಹೇಳಿದರೆ ಯಶೋದಮ್ಮ ಕೊಟ್ಟ ಹೊಗಳಿಕೆಯನ್ನು ವಾಪಸು ಕೊಡಬೇಕಾಗುತ್ತಿತ್ತು. ಅವಳು ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಅತ್ತ ಗಂಡನ ತೂಕ ನೋಡಿದರೆ ದೇವರೇ ಕಣ್ಣುಬಿಟ್ಟಂತಿತ್ತು. ಎರಡನೆಯ ವಾರ ನಲವತ್ತೇಳಿದ್ದವರು ಮೂರನೆಯ ವಾರ ನಲವತ್ತೊಂಬತ್ತಾದರು. ಆಮೇಲೆ ಐವತ್ತೊಂದು, ಐವತ್ತಮೂರು. ಕೆನ್ನೆ ಅಷ್ಟೇನೂ ತುಂಬಿದಂತೆ ಕಾಣುತ್ತಿರಲಿಲ್ಲ, ಕತ್ತಿನ ಗುಳಿ ಹಾಗೇ ಇತ್ತು. ಅದೆಲ್ಲ ಒಳಗೆ ಸೇರಿಕೊಂಡಿರಬೇಕು ಎಂದು ಗಂಗಾಂಬಿಕೆ ಸಮಾಧಾನಪಟ್ಟಳು. ಸೋಮವಾರ ಬಂದರೆ ಮಾತ್ರ ಅವರ ನಡಿಗೆ ಭಾರವಾಗುತ್ತಿತ್ತು, ಪಂಚೆ ಸೊಂಟದ ಹತ್ತಿರ ಉಬ್ಬಿಕೊಳ್ಳುತ್ತಿತ್ತು. ತೂಕ ಏರಿದವರ ಗತ್ತು ಅದು ಎಂದು ಅವಳು ಹೆಮ್ಮೆಪಟ್ಟದ್ದೂ ಉಂಟು.

ಸಂಕ್ರಾಂತಿ ಕಳೆದ ಸೋಮವಾರ, ಆರನೆಯ ವಾರ. ಐವತ್ತೈದು ಮುಟ್ಟಿದರೆ ಅಂದೇ ಗುಂಡ್ಲುಪೇಟೆ ಕಡೆ ರಾಶಿ ನೋಡಲು ಹೊರಡುವುದೆಂದು ಮಾತಾಗಿತ್ತು, ಸಾಗರ್ ಹಿಂದಿನ ದಿನವೇ ಗ್ಯಾರೇಜಿನಿಂದ ಕಾರು ತಂದು ನಿಲ್ಲಿಸಿದ್ದ. ಮೂತಿ ರಿಪೇರಿಯಾಗಿತ್ತು, ಒಮ್ಮೆ ಪೆಟ್ಟು ತಿಂದ ಬೆಲ್ಟು ಇಟ್ಟುಕೊಳ್ಳಬಾರದೆಂದು ದಾನೇಶ್ವರಿ ಹಟ ಮಾಡಿ ಎರಡೂ ಬೆಲ್ಟು ಹೊಸದಾಗಿ ಹಾಕಿಸಿದ್ದಳು. ಪೂಜೆ ಮುಗಿಯಿತು. ನೀಲಕಂಠಸ್ವಾಮಿ ನಿಧಾನವಾಗಿ ಬಂದು ಯಂತ್ರ ಹತ್ತಿದರು. ಐವತ್ತೈದು.

ಗಂಗಾಂಬಿಕೆಯ ಕಣ್ಣಲ್ಲಿ ನೀರು ಬಂತು. ಒಲೆಯ ಮೇಲಿನ ಗಸಗಸೆ ಪಾಯಸವನ್ನು ಇಳಿಸಲು ತಿರುಗಿದಳು. ಅಷ್ಟರಲ್ಲಿ ಹರದನಹಳ್ಳಿಯ ರಂಗನಾಯಕ ಎಂಬ ಹಳೆಯ ಗಿರಾಕಿ ಅಂಗಡಿಯ ಮುಂದೆ ಸೈಕಲ್ ನಿಲ್ಲಿಸಿ, ಮನೆಯಲ್ಲಿ ಶುಭಕಾರ್ಯ, ಎರಡು ಕಿಲೋ ಅರಿಶಿನದ ಕೊಂಬು ಬೇಕು ಎಂದ. ಮೂಗಯ್ಯ ಚಿಲ್ಲರೆ ತೂಗುವ ತಕ್ಕಡಿ ಎತ್ತಿಕೊಂಡ. ಕಬ್ಬಿಣದ ಬಟ್ಟುಗಳ ಹಲಗೆಯ ಕಡೆ ನೋಡಿದ, ಆಮೇಲೆ ಯಜಮಾನರ ಕಡೆ ನೋಡಿದ.

"ಎಲ್ಲೋದವೋ ಬಟ್ಟು?" ಎಂದು ಗಂಗಾಂಬಿಕೆ ಕೇಳಿದಳು. ಎರಡು ಕಿಲೋದ ಎರಡೂ ಇರಲಿಲ್ಲ, ಒಂದು ಕಿಲೋದ್ದೂ ಇರಲಿಲ್ಲ. "ಯಾರೋ ಕದ್ಬುಟ್ಟವ್ರೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಯಂತ್ರದ ಮೇಲೆ ನಿಂತಿದ್ದ ನೀಲಕಂಠಸ್ವಾಮಿಯ ಎರಡೂ ಕೈ ತಾವಾಗಿಯೇ ತೊಡೆಯ ಕಡೆ ಹೋದವು. ಮೂಗಯ್ಯನಿಗೆ ಸುಳ್ಳು ಬರುತ್ತಿರಲಿಲ್ಲ, ಅದೊಂದು ದೊಡ್ಡ ದೋಷ ಅವನಲ್ಲಿ.

"ಅವು ಯಜಮಾನ್ರ ಚಡ್ಡಿಲವೆ ಅಮ್ಮಾರೆ," ಎಂದ.

ಪಂಚೆಯ ಒಳಗೆ ಹಾಕುವ ಪಟ್ಟಾಪಟ್ಟಿ ಚಡ್ಡಿಯ ಜೇಬಿನಲ್ಲಿ ಒಂದು ಸಂಸಾರವೇ ಹಿಡಿಸುತ್ತದೆ. ನೀಲಕಂಠಸ್ವಾಮಿ ತಲೆ ತಗ್ಗಿಸಿಕೊಂಡು ಒಂದೊಂದಾಗಿ ತೆಗೆದು ಯಂತ್ರದ ಮೇಲೆ ಇಟ್ಟರು, ಎಲ್ಲ ಇಟ್ಟ ಮೇಲೆ ಕೆಳಗಿಳಿದು ನಿಂತರು. ಬಟ್ಟು ತೆಗೆದು ಮತ್ತೆ ನಿಂತಾಗ ಯಂತ್ರ ಐವತ್ತು ಎಂದಿತು. ರಂಗನಾಯಕ ತನಗೆ ಅವಸರವಿಲ್ಲ, ನಿಧಾನವಾಗಿ ತೂಗಲಿ ಎಂದು ಜಗಲಿಯ ಮೇಲೆ ಕೂತುಕೊಂಡ.

"ಮೂರು ತಲೆಯಿಂದ ಈ ಅಂಗಡೀಲಿ ಸುಳ್ಳು ತೂಕ ಇರ್ನಿಲ್ಲ," ಎಂದಳು ಗಂಗಾಂಬಿಕೆ. "ಗಿರಾಕಿಗೆ ಮಾಡ್ದಿದ್ದ ಮೋಸ ಕಟ್ಕೊಂಡೋಳ್ಗೆ ಮಾಡ್ಬುಟ್ರಾ?"

"ಇನ್ನೇನ್ ಮಾಡ್ಲಿ ಗಂಗಾ? ತೂಕ ಏರ್ನಿಲ್ಲ ಅಂದ್ರೆ ನೀನು ಮೊಕ ಬಾಡುಸ್ಕಂತೀಯ, ಮಾರ್ನೆ ದಿನ ಇನ್ನೊಂದು ಚಮಚ ತುಪ್ಪ ಜಾಸ್ತಿ ಮಾಡ್ತೀಯ. ಎರಡೂ ತಡಿಯಕ್ಕಾಗ್ನಿಲ್ಲ ನಂಗೆ."

"ನಾನು ಯಾಕ್ ಮಾಡ್ತಿದ್ದೆ ಅದ ಕೇಳ್ನಿಲ್ವಲ್ಲ ನೀವು. ಆವತ್ತು ಆ ಕಾರಲ್ಲಿ ನಿಮ್ಮ ಉಸಿರು ನಿಂತೋಯ್ತು ಅಂದ್ಕಂಡಿದ್ದೆ."

ನೀಲಕಂಠಸ್ವಾಮಿ ಬಟ್ಟುಗಳನ್ನು ಎತ್ತಿ ಹಲಗೆಯ ಮೇಲೆ ಇಟ್ಟರು. ಆಮೇಲೆ ಮೆಲ್ಲಗೆ, ಆದರೆ ಮನೆಯವರಿಗೆಲ್ಲ ಕೇಳುವಂತೆ ಹೇಳಿದರು.

"ಸುಳ್ಳು ತೂಕ ನಂದು, ಸರಿ. ನಿಂದೇನು? ಒಂದು ಗೀರೂ ಇಲ್ಲ ಅಂತ ಬೀದಿಗೆಲ್ಲ ಸಾರ್ಕಂಡು ಬಂದೆ. ಮಗ್ಗುಲು ತಿರುಗುವಾಗೆಲ್ಲ ಹಲ್ಲು ಕಚ್ಕಂಡು ನರಳೋಳು ಯಾರು? ನಾನು ಕೇಳುಸ್ಕಂಡೂ ಕೇಳುಸ್ಕಳ್ದಂಗೆ ಇದ್ದೆ."

ಡ್ಯೂಟಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದ ದಾನೇಶ್ವರಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ಅತ್ತೆಯ ಮೊಣಕೈ ಹಿಡಿದು ನಡುಮನೆಯ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿ ಮಂಚದ ಮೇಲೆ ಮಲಗಿಸಿದಳು. ಈ ಸಲ ಗಂಗಾಂಬಿಕೆ ಕೈ ಕೊಡವಲಿಲ್ಲ.

ಸೀರೆಯ ನೆರಿಗೆ ಸಡಿಲಿಸಿದಾಗ ದಾನೇಶ್ವರಿ ಒಂದು ಸಲ ಉಸಿರೆಳೆದುಕೊಂಡಳು. ಪೆಟ್ಟಿನ ಕಲೆ ಬಹುಪಾಲು ಕರಗಿ ಹಳದಿಯಾಗಿತ್ತು, ಆದರೆ ಸೊಂಟದ ಎರಡೂ ಕಡೆ ಮೂಳೆಯ ಮೇಲೆ ರಕ್ತ ಹೆಪ್ಪುಗಟ್ಟಿದ ಗಂಟುಗಳು ಇನ್ನೂ ಕೈಗೆ ಸಿಗುತ್ತಿದ್ದವು. ಎಡಭುಜದಿಂದ ಎದೆಗೆ ಅಡ್ಡಲಾಗಿ ಇನ್ನೊಂದು ಮಾಸಲು ಪಟ್ಟಿ ಇತ್ತು. ದಾನೇಶ್ವರಿ ಬೆರಳಿನಿಂದ ಗಂಟು ಮುಟ್ಟಿದಳು, ಹೊಟ್ಟೆ ಒತ್ತಿ ನೋಡಿದಳು, ಮತ್ತೆ ಗಂಟು ಮುಟ್ಟಿದಳು.

"ಆರು ವಾರ ಇದನ್ನ ಇಟ್ಕೊಂಡು ಒಬ್ಬಟ್ಟು ತಟ್ಟುದ್ರಾ ಅತ್ತೆ?"

"ನಾನೂ ಮಲಿಕ್ಕಂಡ್ರೆ ಮನೆ ಯಾರು ನೋಡ್ತಿದ್ರು? ನೀನು ಡ್ಯೂಟಿಗೆ ಹೋಗೋಳು." ಗಂಗಾಂಬಿಕೆ ಗೋಡೆಯ ಕಡೆ ಮುಖ ಮಾಡಿಕೊಂಡಿದ್ದಳು. ಸ್ವಲ್ಪ ಹೊತ್ತಿಗೆ ನಿಜವಾದ ಕಾರಣವನ್ನೂ ಹೇಳಿದಳು. "ಮೈ ದಪ್ಪ ಇದ್ದುದ್ಕೆ ಉಳ್ಕಂಡೆ ಅಂದ್ರು ಎಲ್ಲಾರೂವೆ. ಅದ ಕೇಳಕ್ಕೆ ಚೆಂದಾಗಿತ್ತು ಕಣಮ್ಮಿ."

ದಾನೇಶ್ವರಿಗೆ ನಾಲ್ಕು ದಿನದ ಮೌನವೆಲ್ಲ ಅರ್ಥವಾಯಿತು. ಅವಳು ಅತ್ತೆಯ ಪಕ್ಕದಲ್ಲೇ ಮಂಚದ ಮೇಲೆ ಕೂತು, ಆವತ್ತು ಬೆಲ್ಟನ್ನು ಹೇಗೆ ಹಾಕಿಕೊಂಡಿದ್ದಿರಿ, ಸರಿಯಾಗಿ ನೆನಪು ಮಾಡಿಕೊಂಡು ಹೇಳಿ ಎಂದಳು.

ನೆನಪು ಮಾಡಿಕೊಳ್ಳುವುದೇನಿದೆ, ಯಾವಾಗಲೂ ಹಾಕುವ ಹಾಗೆಯೇ ಎಂದಳು ಗಂಗಾಂಬಿಕೆ. ಹೊಟ್ಟೆಯ ಮೇಲೆ ಎಲೆಅಡಿಕೆ ಸಂಚಿ ಇರುತ್ತದೆ. ಬೆಲ್ಟು ಅದರ ಮೇಲೆ ಬಂದರೆ ಎಲೆ ಹಿಸುಕಿಹೋಗುತ್ತದೆ. ಅದಕ್ಕೆ ಹೊಟ್ಟೆಯನ್ನು ಎತ್ತಿ ಹಿಡಿದು ಬೆಲ್ಟನ್ನು ಸಂಚಿಯ ಕೆಳಗೆ, ತೊಡೆಸಂದಿನವರೆಗೆ ತಳ್ಳಿ ಬಿಗಿ ಮಾಡಿಕೊಳ್ಳುತ್ತಾಳೆ. ಅವತ್ತಂತೂ ತವರಿನ ಎಳೆ ಎಲೆ, ಇನ್ನೂ ಬಿಗಿಯಾಗಿ ತಳ್ಳಿದ್ದಳು.

ದಾನೇಶ್ವರಿ ನಕ್ಕಳು. ನಗುತ್ತಲೇ ಅವಳ ಕಣ್ಣು ಒದ್ದೆಯಾಯಿತು.

"ಅಲ್ಲೇ ಹಾಕ್ಬೇಕು ಅತ್ತೆ ಅದು. ಹೊಟ್ಟೆ ಮೇಲಲ್ಲ, ಕೆಳಗೆ, ಸೊಂಟದ ಮೂಳೆ ಮೇಲೆ. ನಾವು ಎಷ್ಟು ಬಡ್ಕಂಡ್ರೂ ಯಾರೂ ಹಾಕಲ್ಲ. ನಿಮ್ಮನ್ನ ಉಳಿಸಿದ್ದು ಮೈ ಅಲ್ಲ, ನಿಮ್ಮ ಬುದ್ಧಿ."

"ಬುದ್ಧಿ ಅಲ್ಲ ಕಣಮ್ಮಿ, ವೀಳ್ಯದೆಲೆ," ಎಂದಳು ಗಂಗಾಂಬಿಕೆ. ಆದರೂ ಅವಳ ಮುಖದಲ್ಲಿ ಆರು ವಾರದ ಬಿಗುವು ಸಡಿಲವಾಯಿತು. ಮೂಗಯ್ಯ ಲಾರಿಯ ಮೇಲಿದ್ದವನಿಗೆ ಹೇಳಿದ್ದು ನೆನಪಾಯಿತು: ತಳದಲ್ಲಿ ಗಟ್ಟಿ ಇದೆ, ಅಲ್ಲಿ ಹಾಕು. ಮರುಕ್ಷಣವೇ ಅವಳಿಗೆ ಇನ್ನೊಂದು ಹೊಳೆದು ಎದ್ದು ಕೂತಳು. "ಹಂಗಾದ್ರೆ ನಿಮ್ಮ ಮಾವ? ಅವರು ಮೇಲಿನ ಪಟ್ಟಿನ ಕಂಕುಳ ಕೆಳಗೆ ಹಾಕ್ಕತಾರಲ್ಲ."

ದಾನೇಶ್ವರಿಯ ನಗು ನಿಂತಿತು. ಆಸ್ಪತ್ರೆಯಲ್ಲಿ ಎಲ್ಲರೂ ಬೆಲ್ಟು ಹಾಕಿದ್ದಿರಾ ಎಂದು ಕೇಳಿದ್ದರು, ಹಾಕಿದ್ದೆವು ಎಂದು ಇವರು ಹೇಳಿದ್ದರು. ಹೇಗೆ ಹಾಕಿದ್ದಿರಿ ಎಂದು ಕೇಳುವುದು ಯಾರಿಗೂ ಹೊಳೆದಿರಲಿಲ್ಲ.

ಕಾರಣ ಗಂಗಾಂಬಿಕೆಗೆ ಗೊತ್ತಿದ್ದದ್ದೇ. ನೀಲಕಂಠಸ್ವಾಮಿಯ ಮನೆತನದಲ್ಲಿ ಶಿವದಾರ ಉದ್ದ. ಇಷ್ಟಲಿಂಗದ ಬೆಳ್ಳಿ ಕರಡಿಗೆ ಎದೆಯ ನಡುವೆ ತೂಗುತ್ತದೆ, ಬೆಲ್ಟು ಸರಿಯಾಗಿ ಅದರ ಮೇಲೆಯೇ ಬರುತ್ತದೆ. ಕಂಡವರೆಲ್ಲ ಮುಟ್ಟುವ ಬೆಲ್ಟು ಲಿಂಗದ ಮೇಲೆ ಅಡ್ಡ ಬೀಳಬಾರದೆಂದು ಅವರು ಪಟ್ಟಿಯನ್ನು ತೋಳಿನ ಕೆಳಗಿಂದ ಎಳೆದುಕೊಳ್ಳುತ್ತಿದ್ದರು. ಹಾಗೆ ಹಾಕಿಕೊಂಡರೆ ಪೆಟ್ಟೆಲ್ಲ ಬರಿಯ ಪಕ್ಕೆಲುಬಿನ ಮೇಲೆ ಬೀಳುತ್ತದೆ, ಅದರ ಹಿಂದೆಯೇ ಈಲಿ, ಅಂದರೆ ಲಿವರು, ಇರುತ್ತದೆ, ಮಾವ ಮೂರು ಮೂಳೆಗೆ ಪಾರಾದದ್ದು ದೊಡ್ಡದು ಎಂದು ದಾನೇಶ್ವರಿ ಬಿಡಿಸಿ ಹೇಳಿದಳು. ಐವತ್ತೈದಲ್ಲ, ಎಪ್ಪತ್ತೈದು ಕಿಲೋ ಆಗಿದ್ದರೂ ಆ ಪಕ್ಕೆ ಮುರಿಯುತ್ತಿತ್ತು, ಬಹುಶಃ ಇನ್ನೂ ಕೆಟ್ಟದಾಗಿ.

ಗಂಗಾಂಬಿಕೆ ತನ್ನ ಕೊರಳು ಮುಟ್ಟಿಕೊಂಡಳು. ಅವಳ ತವರಿನಲ್ಲಿ ಶಿವದಾರವನ್ನು ಗಿಡ್ಡ ಕಟ್ಟುತ್ತಿದ್ದರು, ಕರಡಿಗೆ ಬೆಲ್ಟಿಗೆ ತಾಗದಂತೆ ಕತ್ತಿನ ಗುಳಿಯಲ್ಲೇ ಕೂರುತ್ತಿತ್ತು. ಮದುವೆಯಾದಂದಿನಿಂದ ಗಂಡ ಅದನ್ನು ಗೇಲಿ ಮಾಡುತ್ತಿದ್ದರು, ಗುಂಡ್ಲುಪೇಟೆಯವರಿಗೆ ನೂಲಿಗೂ ಬಡತನ ಎಂದು. ಅವಳು ಒಮ್ಮೆಯೂ ಉತ್ತರ ಕೊಟ್ಟಿರಲಿಲ್ಲ, ಉತ್ತರ ಈಗ ತಾನಾಗಿಯೇ ಸಿಕ್ಕಿತ್ತು.

ಅಂದು ಗುಂಡ್ಲುಪೇಟೆಯ ಪ್ರಯಾಣ ನಿಂತಿತು. ಅದರ ಬದಲು ದಾನೇಶ್ವರಿ ಅತ್ತೆಯನ್ನು ತನ್ನ ಜೊತೆಗೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದಳು. ಒಳಗೆಲ್ಲ ಕ್ಷೇಮವಾಗಿತ್ತು, ಗಂಟುಗಳು ನಿಧಾನವಾಗಿ ಕರಗುತ್ತವೆ ಎಂದರು. ವೈದ್ಯರು ಇನ್ನೊಂದು ಮಾತೂ ಹೇಳಿದರು, ಮುಂದಿನ ಸಲದ ಹೊಡೆತಕ್ಕೂ ಮಂಡಿನೋವಿಗೂ ಸ್ವಲ್ಪ ಭಾರ ಇಳಿಸಿಕೊಂಡರೆ ಒಳ್ಳೆಯದು ಎಂದು. ಗಂಗಾಂಬಿಕೆ ಕೇಳಿಸಿಕೊಂಡಳು. ಈ ಸಲ ಆ ಮಾತು ಅಷ್ಟೇನೂ ಚುಚ್ಚಲಿಲ್ಲ, ಬುದ್ಧಿ ಇರುವವಳೆಂದು ಒಬ್ಬಳು ಆಗಲೇ ಹೇಳಿಬಿಟ್ಟಿದ್ದಳಲ್ಲ.

ಆ ವಾರ ಮನೆಯಲ್ಲಿ ತುಪ್ಪದ ಹಂಚಿಕೆ ಬದಲಾಯಿತು. ಗಂಡನಿಗೆ ಒಂದು ಚಮಚ, ಅವಳಿಗೆ ಸಾರಿನ ಮೇಲೆ ಎರಡು ಹನಿ. ಗಂಡ ಬಿಟ್ಟದ್ದನ್ನು ತಾನು ಉಣ್ಣುವ ರೂಢಿ ನಿಂತು, ಮೂಗಯ್ಯನ ಡಬ್ಬಿ ಭಾರವಾಯಿತು. ಸಂಜೆ ಸೊಸೆ ಡ್ಯೂಟಿ ಮುಗಿಸಿ ಬಂದ ಮೇಲೆ ಅತ್ತೆ ಸೊಸೆ ಇಬ್ಬರೂ ಬೀದಿಯ ಕೊನೆಯವರೆಗೆ ನಡೆದು ಬರತೊಡಗಿದರು. ಯಶೋದಮ್ಮ ಜಗಲಿಯಿಂದ, ಇಳಿಸಬೇಡ ಕಣ್ ಗಂಗಮ್ಮ, ಅದೇ ನಿನ್ನ ಉಳಿಸಿದ್ದು ಎಂದಳು. ಗಂಗಾಂಬಿಕೆ ನಿಂತು ಅವಳಿಗೆ ಸಂಚಿಯ ಕತೆಯನ್ನು ಮೊದಲಿನಿಂದ ಹೇಳಿದಳು. ಆ ಬೀದಿಯಲ್ಲಿ ಎರಡನೆಯ ಸುದ್ದಿಯೂ ಬೇಗ ಹಬ್ಬಿತು.

ಮುಂದಿನ ಸೋಮವಾರ ಬೆಳಿಗ್ಗೆ ಗಂಗಾಂಬಿಕೆ ಹೊಸ ನೂಲು ಹೊಸೆದು ಇಟ್ಟಿದ್ದಳು. ನೀಲಕಂಠಸ್ವಾಮಿ ಪೂಜೆಗೆ ಲಿಂಗ ತೆಗೆದು ಅಂಗೈಯಲ್ಲಿ ಇಟ್ಟುಕೊಂಡಾಗ ಅವಳು ಉದ್ದದ ಶಿವದಾರವನ್ನು ಬಿಚ್ಚಿ ಕರಡಿಗೆಗೆ ಗಿಡ್ಡ ದಾರ ಕಟ್ಟಿದಳು. ಅವರು ತಕರಾರು ತೆಗೆದರು. ಅಪ್ಪನ ಕಾಲದಿಂದ ಬಂದ ಅಳತೆ ಇದು, ಬದಲಾಯಿಸಿದರೆ ಜನ ಏನನ್ನುತ್ತಾರೆ ಎಂದರು.

"ಹೊಕ್ಕುಳಿಂದ ಕೆಳಕ್ಕೆ ಇಳೀಬಾರ್ದು ಅಂತ ಐನೋರು ಹೇಳ್ತಾರೆ. ಮೇಲಕ್ಕೆ ಏರ್ಬಾರ್ದು ಅಂತ ಯಾರಂದವ್ರೆ? ನಿಮ್ಮಪ್ಪಾರ ಕಾಲ್ದಲ್ಲಿ ಎತ್ತಿನ ಗಾಡಿ ಇತ್ತು, ಬೆಲ್ಟಿರ್ನಿಲ್ಲ."

ನೀಲಕಂಠಸ್ವಾಮಿ ಕತ್ತು ಬಗ್ಗಿಸಿದರು. ಕರಡಿಗೆ ಅವರ ಕತ್ತಿನ ಗುಳಿಯಲ್ಲಿ ಬಂದು ಕೂತಿತು. ಅದಕ್ಕೆಂದೇ ಮಾಡಿದ ಜಾಗದಂತೆ ಆ ಗುಳಿ ಇತ್ತು.

ಹೊರಡುವ ಮುಂಚೆ ಅವಳು ಪಡಸಾಲೆಯಲ್ಲಿ ನಿಂತು ಮೂಗಯ್ಯನಿಗೆ ಆ ಕಡೆ ತಿರುಗಿಕೊಳ್ಳಲು ಹೇಳಿದಳು. ಸಂಚಿಯನ್ನು ಸೊಸೆಯ ಕೈಗೆ ಕೊಟ್ಟು, ಮೂಟೆಯ ಯಂತ್ರವನ್ನು ಮೆಲ್ಲಗೆ ಹತ್ತಿದಳು. ಅಂಕಿಯನ್ನು ದಾನೇಶ್ವರಿ ಮಾತ್ರ ಓದಿದಳು, ಅತ್ತೆಯ ಕಿವಿಯಲ್ಲಿ ಮಾತ್ರ ಹೇಳಿದಳು. ಗಂಗಾಂಬಿಕೆ ಒಮ್ಮೆ ಕಣ್ಣು ಮುಚ್ಚಿ ತೆರೆದಳು. ತಾನು ಅಂದುಕೊಂಡಿದ್ದಕ್ಕಿಂತ ಕಡಿಮೆಯೇ ಎಂದು ಹೇಳಿ ಸಂಚಿ ಈಸಿಕೊಂಡಳು.

ಇನ್ನು ಕಾರು ಹತ್ತುವುದಿಲ್ಲ ಎಂದಿದ್ದವಳು ಮುಂದಿನ ಸೀಟಿನಲ್ಲೇ ಕೂತಳು. ನೀಲಕಂಠಸ್ವಾಮಿ ಅಭ್ಯಾಸಬಲದಿಂದ ಪಟ್ಟಿಯನ್ನು ಕಂಕುಳ ಕೆಳಗೆ ಎಳೆದುಕೊಂಡರು. ಅವಳು ಬಾಗಿ ಅದನ್ನು ಬಿಡಿಸಿ ಭುಜದ ಮೇಲೆ ತಂದಳು. ಕರಡಿಗೆಗೆ ತಾಗದೆ ಪಟ್ಟಿ ಎದೆಗೆ ಅಡ್ಡವಾಗಿ ಕೂತಿತು. ಸೊಂಟದ ಪಟ್ಟಿಯನ್ನು ಕೆಳಕ್ಕೆ ಎಳೆದು ಮೂಳೆಯ ಮೇಲೆ ಕೂರಿಸಿದಳು. ಆಮೇಲೆ ತನ್ನ ಹೊಟ್ಟೆ ಎತ್ತಿ ಹಿಡಿದು, ಸಂಚಿಯ ಕೆಳಗೆ ತನ್ನ ಪಟ್ಟಿಯನ್ನು ತಳ್ಳಿ ಬಿಗಿ ಮಾಡಿಕೊಂಡಳು. ಗಂಟು ಸ್ವಲ್ಪ ನೋಯಿತು.

ಬಾಗಿಲಲ್ಲಿ ನಿಂತಿದ್ದ ಮೂಗಯ್ಯ ಹಗ್ಗ ನೋಡುವ ಕಣ್ಣಿನಿಂದಲೇ ಇಬ್ಬರನ್ನೂ ನೋಡಿ ತಲೆಯಾಡಿಸಿದ. ನೀಲಕಂಠಸ್ವಾಮಿ, ಹೊರಡಲೇನಮ್ಮ ಎಂಬಂತೆ ಹೆಂಡತಿಯ ಮುಖ ನೋಡಿದರು.

"ಎರಡು ಮೂಟೆನೂ ಕಟ್ಟಾಯ್ತು," ಎಂದಳು ಗಂಗಾಂಬಿಕೆ. "ಮೇಕೆ ನೋಡ್ಕಂಡು ನಿಧಾನುಕ್ಕೆ ಹೊಡೀರಿ."